ಕೆಸುವಿನ ಗದ್ದೆಯಲ್ಲಿ ಬೇಸಿಗೆ ಶಾಲೆ: ಹವಾಯಿಯ ಮಕ್ಕಳು ಜೌಗು ನೆಲದಲ್ಲಿ ಕಲಿಯುತ್ತಿರುವುದೇನು?

ಗದ್ದೆಯ ಅಂಚಿಗೆ ಬಂದ ಮಕ್ಕಳು ಅಲ್ಲೇ ನಿಲ್ಲುತ್ತಾರೆ. ಒಳಗೆ ಹೆಜ್ಜೆ ಇಡುವ ಮೊದಲು ಎಲ್ಲರೂ ಸೇರಿ ಹವಾಯಿ ಭಾಷೆಯಲ್ಲಿ ಒಂದು ‘ಒಲಿ’ ಹೇಳಬೇಕು. ಒಲಿ ಎಂದರೆ ಉಸಿರೆಳೆದು ರಾಗವಾಗಿ ಹೇಳುವ ಪಠಣ. ಅದರ ಜೊತೆಗೆ ಕುಣಿತವಿಲ್ಲ. ನಾವು ಯಾರು, ಎಲ್ಲಿಂದ ಬಂದೆವು, ಯಾಕೆ ಬಂದೆವು, ಒಳಗೆ ಬರಬಹುದೇ ಎಂದು ಕೇಳುವ ರೀತಿ ಅದು. ಗದ್ದೆ ನೋಡಿಕೊಳ್ಳುವವರು ಒಳಗಿನಿಂದ ಇನ್ನೊಂದು ಒಲಿಯಲ್ಲಿ ಉತ್ತರ ಕೊಟ್ಟು ಕರೆದ ಮೇಲೆಯೇ ಪ್ರವೇಶ. ಆಮೇಲೆ ಒಬ್ಬೊಬ್ಬರ ಕೈಕಾಲುಗಳನ್ನು ವಿಚಾರಿಸುತ್ತಾರೆ. ಗಾಯವಾಗಿದ್ದರೆ ಅಂದು ಕೆಸರಿಗೆ ಇಳಿಯುವಂತಿಲ್ಲ, ಏಕೆಂದರೆ ನಮ್ಮಲ್ಲಿ ಇಲಿ ಜ್ವರ ಎಂದು ಕರೆಯುವ ಕಾಯಿಲೆಯ ಭಯ ಆ ನೀರಿನಲ್ಲೂ ಇದೆ. ಉಳಿದವರು ಚಪ್ಪಲಿ ಬಿಟ್ಟು ಇಳಿಯುತ್ತಾರೆ. ಮೊಣಕಾಲಿನವರೆಗೆ ಕೆಸರು, ಮೇಲೆ ತಣ್ಣಗೆ ಹರಿಯುವ ನೀರು.

ಅಮೆರಿಕದ ಒಂದು ರಾಜ್ಯವಾದ ಹವಾಯಿ ದ್ವೀಪಗಳಲ್ಲಿ ಜೂನ್, ಜುಲೈ ಎಂದರೆ ಶಾಲೆಗಳಿಗೆ ಬೇಸಿಗೆ ರಜೆ. ಆ ದಿನಗಳಲ್ಲಿ ವಿದ್ಯಾರ್ಥಿಗಳನ್ನು ಜೌಗು ಪ್ರದೇಶಗಳಿಗೆ, ಕೆಸುವಿನ ಗದ್ದೆಗಳಿಗೆ, ಹಳೆಯ ಮೀನುಕೊಳಗಳಿಗೆ ಕರೆತಂದು ಕೆಲಸದ ಮೂಲಕ ಕಲಿಸುವ ಕಾರ್ಯಕ್ರಮಗಳು ಅಲ್ಲಿ ಗಟ್ಟಿಯಾಗಿ ಬೇರುಬಿಟ್ಟಿವೆ. ಕಳೆ ಕೀಳುವುದು, ಹಕ್ಕಿ ಎಣಿಸುವುದು, ನೀರಿನ ಉಪ್ಪು ಅಳೆಯುವುದು ಇವೆಲ್ಲ ಜಗತ್ತಿನ ಯಾವ ಪರಿಸರ ಶಿಬಿರದಲ್ಲೂ ಇರುತ್ತವೆ. ಹವಾಯಿಯಲ್ಲಿ ಇವುಗಳಿಗೆ ಭಾಷೆ, ವಂಶಕಥೆ, ಹಿರಿಯರ ಮಾತು, ಚಂದ್ರನ ತಿಥಿ ಎಲ್ಲವೂ ಸೇರಿಕೊಂಡಿವೆ. ಮೇಲಿನಿಂದ ನೋಡಿದವರಿಗೆ ಇದು ಸಂರಕ್ಷಣೆಗೆ ಹಚ್ಚಿದ ಸಂಸ್ಕೃತಿಯ ಬಣ್ಣದಂತೆ ಕಾಣಬಹುದು. ನನ್ನ ತಿಳಿವಳಿಕೆ ಬೇರೆ. ಆ ನೆಲದಲ್ಲಿ ಜೌಗು ಪ್ರದೇಶವನ್ನು ನಡೆಸುವ ಕಸುಬೇ ಆ ಸಂಸ್ಕೃತಿಯೊಳಗೆ ಕೂತಿದೆ. ಅದನ್ನು ತೆಗೆದರೆ ಸಂರಕ್ಷಣೆಯ ಅರ್ಧ ಕೈಪಿಡಿಯೇ ಹರಿದುಹೋಗುತ್ತದೆ.

ಅಣ್ಣನಾದ ಕೆಸು

ಹವಾಯಿಯವರು ‘ಕಲೊ’ ಎಂದು ಕರೆಯುವ ಬೆಳೆ ನಮ್ಮ ಕೆಸುವೇ. ಬೇರೆ ಜಾತಿಯ ಗಿಡವಲ್ಲ, ಪತ್ರೊಡೆಗೆ ಎಲೆ ಕೊಡುವ ಅದೇ ಗಿಡ. ದಕ್ಷಿಣ ಮತ್ತು ಆಗ್ನೇಯ ಏಷ್ಯಾದ ಕಡೆಯಿಂದ ಹೊರಟ ಈ ಗೆಡ್ಡೆ ದ್ವೀಪದಿಂದ ದ್ವೀಪಕ್ಕೆ ದೋಣಿಯಲ್ಲಿ ಸಾಗಿ, ಶಾಂತಸಾಗರದ ನಡುವಿನ ಹವಾಯಿಗೆ ಪಾಲಿನೇಷಿಯನ್ ನಾವಿಕರ ಜೊತೆ ಬಂತು. ನಮ್ಮ ಮನೆಗಳಲ್ಲಿ ಕೆಸು ತುರಿಸುತ್ತದೆ ಎಂದು ಹುಣಸೆಹುಳಿ ಹಾಕುತ್ತಾರಲ್ಲ, ಆ ತುರಿಕೆಯನ್ನು ಅವರು ಬಹಳ ಹೊತ್ತು ಬೇಯಿಸಿ ಕಳೆಯುತ್ತಾರೆ. ಬೆಂದ ಗೆಡ್ಡೆಯನ್ನು ಕಲ್ಲಿನ ಗುಂಡಿನಿಂದ ಜಜ್ಜಿ, ನೀರು ಬೆರೆಸಿ ಮಾಡುವ ‘ಪೊಯಿ’ ಅವರ ಸಾಂಪ್ರದಾಯಿಕ ಮುಖ್ಯ ಆಹಾರ.

ಆದರೆ ಅವರಿಗೆ ಕಲೊ ಬರೀ ಊಟವಲ್ಲ. ಆಕಾಶದ ತಂದೆ ವಾಕೆಯ ಮತ್ತು ಹೊಒಹೋಕೂಕಲನಿ ಎಂಬವಳಿಗೆ ಹುಟ್ಟಿದ ಮೊದಲ ಮಗು ಉಸಿರಾಡಲಿಲ್ಲ. ಅದನ್ನು ಮಣ್ಣಿನಲ್ಲಿ ಹೂತ ಜಾಗದಲ್ಲಿ ಮೊದಲ ಕೆಸುವಿನ ಗಿಡ ಚಿಗುರಿತು. ಗಾಳಿಗೆ ಅದರ ಎಲೆ ನಡುಗುತ್ತಿತ್ತಂತೆ. ಎರಡನೆಯ ಮಗು ಹಾಲೋಅ ಬದುಕಿ, ಮನುಷ್ಯಕುಲದ ಮೂಲಪುರುಷನಾದ. ಹೀಗೆ ಕೆಸು ಅಣ್ಣ, ಮನುಷ್ಯ ತಮ್ಮ. ಅಣ್ಣ ಉಣ್ಣಿಸಬೇಕು, ತಮ್ಮ ಅಣ್ಣನ ಗದ್ದೆಯನ್ನು ನೋಡಿಕೊಳ್ಳಬೇಕು. ತಾಯಿಗೆಡ್ಡೆಯ ಪಕ್ಕದಲ್ಲಿ ಮೊಳೆಯುವ ಮರಿಗೆ ‘ಒಹಾ’ ಎಂದು ಹೆಸರು. ಕುಟುಂಬ ಎನ್ನುವುದಕ್ಕೆ ಅವರ ಪದವಾದ ‘ಒಹಾನ’ ಬಂದಿರುವುದು ಅಲ್ಲಿಂದ.

ಬೇಸಿಗೆ ಕಾರ್ಯಕ್ರಮದಲ್ಲಿ ಈ ಕಥೆಯನ್ನು ಹೇಳುವುದು ಗದ್ದೆಯಲ್ಲಿ ನಿಂತೇ. ಹದಿಮೂರು, ಹದಿನಾಲ್ಕು ವರ್ಷದ ಹುಡುಗನ ಕೈಯಲ್ಲಿ ಆಗ ಕೆಸುವಿನ ಒಂದು ತುಂಡು ಇರುತ್ತದೆ: ಗೆಡ್ಡೆಯ ತಲೆಯ ತೆಳು ಹೋಳು, ಅದರ ಮೇಲೆ ಒಂದಡಿ ದಂಟು. ಗೆಡ್ಡೆಯನ್ನು ಊಟಕ್ಕೆ ಕತ್ತರಿಸಿಕೊಂಡು ಉಳಿದ ಈ ತುಂಡನ್ನೇ ಮತ್ತೆ ಕೆಸರಿಗೆ ಊರುತ್ತಾರೆ, ಅದೇ ಮುಂದಿನ ಬೆಳೆ. ಬೀಜದ ಗೊಡವೆಯಿಲ್ಲ. ಹೀಗಾಗಿ ಅವನ ಕೈಯಲ್ಲಿರುವ ಗಿಡ ನೂರಾರು ವರ್ಷಗಳಿಂದ ಕೈಯಿಂದ ಕೈಗೆ ದಾಟಿ ಬಂದ ಅದೇ ಗಿಡದ ಮುಂದುವರಿಕೆ. ವಂಶಾವಳಿ ಎಂಬ ಮಾತು ಅವನಿಗೆ ಅಂಗೈಯಲ್ಲೇ ತಿಳಿಯುತ್ತದೆ. ಹಿಂದೆ ಇಂಥ ಕೆಸುವಿನ ತಳಿಗಳು ಹವಾಯಿಯಲ್ಲಿ ನೂರಾರು ಇದ್ದವು. ಇಂದು ಉಳಿದಿರುವುದು ಅದರ ಒಂದು ಸಣ್ಣ ಪಾಲು.

ನೀರೇ ಸಂಪತ್ತು, ನೀರೇ ಕಾನೂನು

ಹವಾಯಿ ಭಾಷೆಯಲ್ಲಿ ಸಿಹಿನೀರಿಗೆ ‘ವಾಯ್’. ಅದನ್ನೇ ಎರಡು ಸಲ ಹೇಳಿದರೆ ‘ವಾಯ್‌ವಾಯ್’, ಅಂದರೆ ಸಂಪತ್ತು. ಕಾನೂನಿಗೆ ‘ಕಾನಾವಾಯ್’ ಎನ್ನುತ್ತಾರೆ, ಅದರೊಳಗೂ ನೀರಿದೆ. ಹೊಳೆಯಿಂದ ಕಾಲುವೆ ತೆಗೆದು ಗದ್ದೆಗೆ ನೀರು ಹಾಯಿಸಿ, ಒಂದು ಮಡಿಯಿಂದ ಕೆಳಗಿನ ಮಡಿಗೆ ಇಳಿಸಿ, ಕೊನೆಗೆ ನೀರನ್ನು ಅದೇ ಹೊಳೆಗೆ ಮರಳಿ ಬಿಡುವುದು ಅವರ ಪದ್ಧತಿ. ಗದ್ದೆಗೆ ‘ಲೊಇ’, ಕಾಲುವೆಗೆ ‘ಔವಾಯ್’. ಕಾಲುವೆ ತೋಡಲು, ಹೂಳು ತೆಗೆಯಲು ಯಾರು ಎಷ್ಟು ದುಡಿದರೋ ಅದಕ್ಕೆ ತಕ್ಕಂತೆ ಅವರಿಗೆ ನೀರು. ಬೆಟ್ಟದ ತುದಿಯಿಂದ ಸಮುದ್ರದ ಹವಳದ ದಂಡೆಯವರೆಗೆ ಒಂದು ಹೊಳೆಯ ಸುತ್ತಲಿನ ನೆಲವೆಲ್ಲ ಒಂದೇ ಆಡಳಿತದ ತುಂಡು. ಅದಕ್ಕೆ ‘ಅಹುಪುಆಅ’ ಎಂದು ಹೆಸರು.

ಹೊಳೆ ಸಮುದ್ರ ಸೇರುವಲ್ಲಿ ಕಲ್ಲಿನ ಗೋಡೆ ಕಟ್ಟಿ ಮೀನುಕೊಳ ಮಾಡುತ್ತಿದ್ದರು. ಗೋಡೆಯಲ್ಲಿ ‘ಮಾಕಾಹಾ’ ಎಂಬ ಸರಳುಗಳ ತೂಬು. ಬೆರಳುದ್ದದ ಮರಿಮೀನು ಸರಳುಗಳ ಸಂದಿಯಲ್ಲಿ ಒಳಗೆ ಬರುತ್ತದೆ, ಗದ್ದೆಯಿಂದ ಹರಿದುಬಂದ ನೀರಿನಲ್ಲಿ ಬೆಳೆಯುವ ಪಾಚಿ ತಿಂದು ಕೊಬ್ಬುತ್ತದೆ, ಆಮೇಲೆ ಅದೇ ಸಂದಿಯಲ್ಲಿ ಹೊರಗೆ ಹೋಗಲಾರದು. ಗದ್ದೆಯ ಗೊಬ್ಬರವೇ ಮೀನಿನ ಮೇವು. ಒಆಹು ದ್ವೀಪದ ಹೆಏಇಯಾದಲ್ಲಿ ಇಂಥ 88 ಎಕರೆಯ ಕೊಳ ಇಂದಿಗೂ ಇದೆ. ಅದರ ಗೋಡೆ ಎರಡು ಕಿಲೋಮೀಟರಿಗೂ ಉದ್ದ, ವಯಸ್ಸು ಕೆಲವು ನೂರು ವರ್ಷ.

ಆದ್ದರಿಂದ ಹವಾಯಿಯ ಜೌಗು ಪ್ರದೇಶವನ್ನು ಮನುಷ್ಯ ಮುಟ್ಟದ ಕನ್ಯಾಭೂಮಿ ಎಂದು ಭಾವಿಸಿದರೆ ಲೆಕ್ಕ ತಪ್ಪುತ್ತದೆ. ರಾಜ್ಯದಲ್ಲಿ ಉಳಿದಿರುವ ಅತಿ ದೊಡ್ಡ ಜೌಗು ಪ್ರದೇಶ ಒಆಹುವಿನ ಕೈಲುವಾ ಬಳಿಯ ಕವಾಯ್‌ನುಯಿ, ಸುಮಾರು 830 ಎಕರೆ. 2005ರಲ್ಲಿ ಪಕ್ಕದ ಹಾಮಾಕುವಾ ಜೌಗಿನೊಂದಿಗೆ ಅದು ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. ನಮ್ಮ ರಂಗನತಿಟ್ಟು 2022ರಲ್ಲಿ ಸೇರಿದ್ದು ಅದೇ ಪಟ್ಟಿಗೆ. ಈ ಕವಾಯ್‌ನುಯಿ ಒಂದು ಕಾಲದಲ್ಲಿ 400 ಎಕರೆಗೂ ದೊಡ್ಡ ಮೀನುಕೊಳ, ಅದರ ಸುತ್ತ ಕೆಸುವಿನ ಗದ್ದೆ. ಹೌವಹಿನೆ ಎಂಬ ಹಲ್ಲಿರೂಪದ ಜಲದೇವತೆ ಅದನ್ನು ಕಾಯುತ್ತಾಳೆಂದು ನಂಬಿಕೆ. ನೀರಿಗೆ ಒಬ್ಬಳು ಕಾವಲುಗಾರ್ತಿ ಇದ್ದಾಳೆ ಎಂದು ನಂಬಿದ ಊರಿನಲ್ಲಿ ಕೊಳದ ಪಾಚಿ ತೆಗೆಯುವುದು ಯಾರೋ ಹೇಳಿ ಮಾಡಿಸುವ ಕೆಲಸವಾಗಿರಲಿಲ್ಲ.

ನೀರು ಹೋದ ದಾರಿ

ಹತ್ತೊಂಬತ್ತನೇ ಶತಮಾನದಲ್ಲಿ ಕಬ್ಬಿನ ಕಂಪನಿಗಳು ಬಂದವು. ಕಬ್ಬಿಗೆ ನೀರು ಬೇಕಿತ್ತು, ನೀರಿದ್ದದ್ದು ಮಳೆ ಸುರಿಯುವ ಪೂರ್ವದ ಕಣಿವೆಗಳಲ್ಲಿ. ಬೆಟ್ಟ ಕೊರೆದು ಸುರಂಗ ಮಾಡಿ ಹೊಳೆಗಳನ್ನೇ ಒಣ ದಿಕ್ಕಿಗೆ ತಿರುಗಿಸಿದರು. ಒಆಹುವಿನ ವಾಯಾಹೋಲೆ ಕಾಲುವೆ 1913ರಿಂದ 1916ರ ನಡುವೆ ಆದದ್ದು ಹೀಗೆ. ಕೆಳಗಿನ ಗದ್ದೆಗಳು ಒಣಗಿದವು. ಒಣಗದ ಕಡೆ ಭತ್ತ ಬಂತು, ಆಮೇಲೆ ದನ ಮೇಯಿಸಲು ತಂದ ಹುಲ್ಲು ಬಂತು. ಆ ಹುಲ್ಲೇ ಇಂದು ಜೌಗುಗಳ ಮೇಲೆ ಚಾಪೆಯಂತೆ ಹಾಸಿಕೊಂಡಿದೆ.

ವೈಕೀಕಿ ಎಂದರೆ ಇಂದು ಜಗತ್ತಿಗೆ ಹೋಟೆಲುಗಳ ಸಾಲು. ಆ ಹೆಸರಿನ ಅರ್ಥ ಚಿಮ್ಮುವ ನೀರು. ಕೆಸು, ಭತ್ತ, ಮೀನುಕೊಳ, ಬಾತುಕೋಳಿಗಳ ಊರಾಗಿದ್ದ ಅದನ್ನು 1920ರ ದಶಕದಲ್ಲಿ ಅಲಾ ವಾಯ್ ಕಾಲುವೆ ತೋಡಿ ಬಸಿದು, ಮಣ್ಣು ತುಂಬಿ, ನಿವೇಶನ ಮಾಡಿದರು. ಮಾವಿ ದ್ವೀಪದ ಲಹೈನಾದಲ್ಲಿ ಮೊಕುಹಿನಿಯಾ ಎಂಬ 17 ಎಕರೆಯ ಕೊಳವಿತ್ತು. ಅದರ ನಡುವಿನ ಮೊಕುಉಲ ಎಂಬ ನಡುಗಡ್ಡೆ ದೊರೆ ಮೂರನೇ ಕಮೆಹಮೆಹನ ವಾಸಸ್ಥಾನ. ಹೊಳೆಗಳು ತಿರುಗಿದ ಮೇಲೆ ಕೊಳ ಕೊಳಚೆಯಾಯಿತು, ಸೊಳ್ಳೆ ಬಂತು. ಇಪ್ಪತ್ತನೇ ಶತಮಾನದ ಮೊದಲ ದಶಕಗಳಲ್ಲಿ ಅದನ್ನೂ ಮುಚ್ಚಿ ಆಟದ ಮೈದಾನ ಮಾಡಿದರು. 2023ರ ಆಗಸ್ಟ್ 8ರಂದು ಅದೇ ಲಹೈನಾ ಬೆಂಕಿಯಲ್ಲಿ ಸುಟ್ಟುಹೋಗಿ ನೂರಕ್ಕೂ ಹೆಚ್ಚು ಜನ ಸತ್ತರು. ಬೆಂಕಿಗೆ ಬಿರುಗಾಳಿ, ಪಾಳುಬಿದ್ದ ಕಬ್ಬಿನ ನೆಲದ ಒಣಹುಲ್ಲು ಹೀಗೆ ಹಲವು ಕಾರಣ. ಆದರೂ ನೀರಿನ ಊರೊಂದನ್ನು ಒಣಗಿಸಿದ್ದರ ಬೆಲೆಯನ್ನು ಅಲ್ಲಿನ ಜನ ಅಂದಿನಿಂದ ಇನ್ನೂ ಗಟ್ಟಿಯಾಗಿ ಕೇಳುತ್ತಿದ್ದಾರೆ.

ಈ ನಡುವೆ ಒಂದೊಂದು ಸಮಸ್ಯೆಗೆ ಒಂದೊಂದು ಪ್ರಾಣಿ, ಒಂದೊಂದು ಗಿಡ ತಂದರು. ಕಬ್ಬಿನ ಗದ್ದೆಯ ಇಲಿಗಳನ್ನು ಹಿಡಿಯಲೆಂದು 1883ರಲ್ಲಿ ಮುಂಗುಸಿ ಬಂತು. ಅದು ನಮ್ಮದೇ ಭಾರತದ ಮುಂಗುಸಿ, ಜಮೈಕಾ ಮಾರ್ಗವಾಗಿ ತಲುಪಿದ್ದು. ಇಲಿ ರಾತ್ರಿ ಓಡಾಡುತ್ತದೆ, ಮುಂಗುಸಿ ಹಗಲು. ಇಲಿಗಳು ಉಳಿದವು, ನೆಲದಲ್ಲಿ ಗೂಡು ಕಟ್ಟುವ ಜೌಗು ಹಕ್ಕಿಗಳ ಮೊಟ್ಟೆಗಳು ಹೋದವು. 1902ರಲ್ಲಿ ಮೊಲೊಕಾಯಿ ದ್ವೀಪದ ಕೆಸರು ದಂಡೆಯನ್ನು ಹಿಡಿದಿಡಲೆಂದು ಒಂದು ಕಬ್ಬಿನ ಕಂಪನಿ ಅಮೆರಿಕದ ಕೆಂಪು ಕಾಂಡ್ಲಾ (ಮ್ಯಾಂಗ್ರೋವ್) ನೆಟ್ಟಿತು. ಅಘನಾಶಿನಿಯ ಬಳಿ ಕಾಂಡ್ಲಾ ಗಿಡ ನೆಡುವುದನ್ನೇ ಪುಣ್ಯದ ಕೆಲಸವೆಂದು ಕಂಡ ನಮಗೆ, ಹವಾಯಿಯ ಮಕ್ಕಳು ಅದರ ಬೇರುಗಳನ್ನು ಗರಗಸ ಹಿಡಿದು ಕೊಯ್ಯುತ್ತಾರೆ ಎಂದರೆ ಎದೆ ಧಸಕ್ಕೆನ್ನುತ್ತದೆ. ಆದರೆ ಆ ದ್ವೀಪಗಳಲ್ಲಿ ಕಾಂಡ್ಲಾ ಮೂಲದ ಗಿಡವಲ್ಲ. ಅದರ ಬೇರು ಮೀನುಕೊಳದ ಗೋಡೆಯ ಕಲ್ಲುಗಳನ್ನು ಬಿಡಿಸುತ್ತದೆ, ಹಕ್ಕಿಗಳಿಗೆ ಬೇಕಾದ ಬಯಲು ಕೆಸರನ್ನು ಮುಚ್ಚುತ್ತದೆ. ಒಂದು ಕಡೆಯ ರಕ್ಷಕ ಇನ್ನೊಂದು ಕಡೆ ಆಕ್ರಮಣಕಾರ. ಇದನ್ನು ಪುಸ್ತಕದಿಂದ ಕಲಿಸುವುದು ಕಷ್ಟ, ಬೇರು ಕೊಯ್ದವರು ಮರೆಯುವುದಿಲ್ಲ.

ಭಾಷೆಯದ್ದೂ ಅದೇ ಕಥೆ. 1893ರಲ್ಲಿ ಹವಾಯಿ ರಾಣಿಯ ಸರ್ಕಾರವನ್ನು ಉರುಳಿಸಿದ ಮೂರೇ ವರ್ಷಕ್ಕೆ, 1896ರಲ್ಲಿ, ಶಾಲೆಗಳಲ್ಲಿ ಇಂಗ್ಲಿಷೇ ಬೋಧನಾ ಭಾಷೆ ಎಂಬ ಕಾನೂನು ಬಂತು. ಮನೆಯಲ್ಲಿ ಹವಾಯಿ ಮಾತಾಡುತ್ತಿದ್ದ ಮಕ್ಕಳು ಶಾಲೆಯಲ್ಲಿ ಶಿಕ್ಷೆ ಉಂಡರು. ಗಾಳಿಗೆ, ಮಳೆಗೆ, ಕೆಸರಿಗೆ ಊರಿಗೊಂದು ಹೆಸರಿದ್ದ ಭಾಷೆ ಒಂದೆರಡು ತಲೆಮಾರಿನಲ್ಲಿ ಅಜ್ಜ ಅಜ್ಜಿಯರ ಬಾಯಲ್ಲಿ ಮಾತ್ರ ಉಳಿಯಿತು. ಹೊಳೆ ತಿರುಗಿಸಿದ್ದು ಮತ್ತು ಭಾಷೆ ಕಿತ್ತದ್ದು ಒಂದೇ ಕಾಲದಲ್ಲಿ ನಡೆದ ಎರಡು ಕೆಲಸ. ಮರಳಿ ತರುವ ಕೆಲಸವೂ ಅದಕ್ಕೇ ಜೊತೆಯಾಗಿ ನಡೆಯುತ್ತಿದೆ. 1978ರ ಸಂವಿಧಾನ ತಿದ್ದುಪಡಿ ಹವಾಯಿಯನ್ನು ರಾಜ್ಯದ ಅಧಿಕೃತ ಭಾಷೆ ಮಾಡಿತು, ಶಾಲೆಗಳಲ್ಲಿ ಹವಾಯಿ ಸಂಸ್ಕೃತಿಯ ಶಿಕ್ಷಣವನ್ನು ಸರ್ಕಾರದ ಹೊಣೆಯಾಗಿಸಿತು, ನೀರನ್ನು ಸಾರ್ವಜನಿಕರ ಪರವಾಗಿ ಕಾಪಾಡುವ ಹೊಣೆಯನ್ನೂ ರಾಜ್ಯಕ್ಕೆ ವಹಿಸಿತು. 1984ರಲ್ಲಿ ಹವಾಯಿ ಮಾಧ್ಯಮದ ಮೊದಲ ಶಿಶುವಿಹಾರ ಶುರುವಾಯಿತು. ಇಂದಿನ ಬೇಸಿಗೆ ಕಾರ್ಯಕ್ರಮಗಳಲ್ಲಿ ಒಲಿ ಹೇಳಿಕೊಡುವ ಯುವ ಶಿಕ್ಷಕರು ಈ ಅಲೆಯಲ್ಲಿ ಬೆಳೆದ ತಲೆಮಾರಿನವರು.

ಕಥೆಯೊಳಗಿನ ಹಕ್ಕಿ

‘ಅಲೈ ಉಲ’ ಎಂಬ ನೀರುಕೋಳಿಗೆ ಹಣೆಯ ಮೇಲೆ ಕೆಂಪು ಗುರುತಿದೆ. ಬೆಂಕಿಯ ಗುಟ್ಟು ಈ ಹಕ್ಕಿಗಳಿಗೆ ಮಾತ್ರ ಗೊತ್ತಿತ್ತಂತೆ. ಪುರಾಣದ ಸಾಹಸಿ ಮಾವಿ ಒಂದನ್ನು ಹಿಡಿದು ಕತ್ತು ಹಿಚುಕಿ ಕೇಳಿದ. ಕೆಸುವಿನ ದಂಟನ್ನು ಉಜ್ಜು ಎಂದು ಅದು ಸುಳ್ಳು ಹೇಳಿತು. ಉಜ್ಜಿದರೆ ನೀರು ಬಂತು, ಬೆಂಕಿ ಬರಲಿಲ್ಲ. ಕೊನೆಗೆ ನಿಜ ಹೇಳಿದಾಗ ಮಾವಿ ಸಿಟ್ಟಿನಲ್ಲಿ ಅದರ ಹಣೆಯನ್ನೇ ಉಜ್ಜಿ ಕೆಂಪು ಮಾಡಿದ.

ಈ ಕಥೆ ಕೇಳಿದ ಮಗುವಿಗೆ ಆ ಹಕ್ಕಿಯ ಗುರುತು ಸಿಕ್ಕಿತು, ಅದು ಕೆಸುವಿನ ದಂಟಿನ ನಡುವೆ ವಾಸಿಸುತ್ತದೆ ಎಂಬುದೂ ಸಿಕ್ಕಿತು. ಇಂದು ಅಲೈ ಉಲ ಕೌಆಯಿ ಮತ್ತು ಒಆಹು ಎರಡೇ ದ್ವೀಪಗಳಲ್ಲಿ ಉಳಿದಿದೆ. ಅದರ ಜೊತೆಗೆ ಬಿಳಿ ಹಣೆಯ ‘ಅಲೈ ಕೆಒಕೆಒ’, ನಮ್ಮ ಕೆರೆಗಳ ನಾಮದ ಕೋಳಿಯ ಬಳಗದ್ದು. ಉದ್ದ ಗುಲಾಬಿ ಕಾಲುಗಳ ‘ಆಎಒ’, ನಮ್ಮ ಮೆಟ್ಟುಗಾಲು ಹಕ್ಕಿಯ ಹತ್ತಿರದ ನೆಂಟ. ಮತ್ತೆ ‘ಕೊಲೊಅ’ ಎಂಬ ಬಾತು. ಈ ಬಾತುವಿಗೆ ಬಂದ ಕಂಟಕ ವಿಚಿತ್ರ: ಹೊರಗಿನಿಂದ ತಂದ ಬಾತುಗಳೊಡನೆ ಕೂಡಿ ಅದರ ಶುದ್ಧ ವಂಶವೇ ಕರಗುತ್ತಿದೆ.

‘ಕಿಲೊ’ ಎಂಬ ಅಭ್ಯಾಸವನ್ನು ನಾನು ಈ ಕಾರ್ಯಕ್ರಮಗಳ ಹೃದಯ ಎನ್ನುತ್ತೇನೆ. ಕಿಲೊ ಎಂದರೆ ಗಮನಿಸುವುದು. ಮಕ್ಕಳು ದಿನವೂ ಒಂದೇ ಜಾಗದಲ್ಲಿ ಕೂತು ಮೋಡ ಎತ್ತ ಹೋಗುತ್ತಿದೆ, ನೀರು ನಿನ್ನೆಗಿಂತ ಕದಡಿದೆಯೇ, ಯಾವ ಹಕ್ಕಿ ಎಲ್ಲಿ ಇಳಿಯಿತು, ಅಂದು ಚಂದ್ರನ ಎಷ್ಟನೇ ರಾತ್ರಿ ಎಂದು ಬರೆದಿಡುತ್ತಾರೆ. ಹವಾಯಿಯ ಚಂದ್ರಮಾಸದಲ್ಲಿ ಪ್ರತಿ ರಾತ್ರಿಗೂ ಹೆಸರಿದೆ. ನೆಡುವ ರಾತ್ರಿ, ಮೀನು ಹಿಡಿಯುವ ರಾತ್ರಿ, ಸುಮ್ಮನಿರುವ ರಾತ್ರಿ ಬೇರೆ ಬೇರೆ. ಪಂಚಾಂಗ ನೋಡಿ ಬಿತ್ತುವ ಮನೆಯಲ್ಲಿ ಬೆಳೆದವರಿಗೆ ಇದು ಹೊಸತೇನಲ್ಲ. ಪಕ್ಕದಲ್ಲೇ ಉಪ್ಪಿನಂಶ ಅಳೆಯುವ ಉಪಕರಣವೂ ಇರುತ್ತದೆ. ಎರಡೂ ಒಂದೇ ಪುಟದಲ್ಲಿ ಕೂಡುತ್ತವೆ, ಜಗಳವಾಡುವುದಿಲ್ಲ. ಕೈ ಕೆಸರಾದರೆ ಬಾಯಿ ಮೊಸರು ಎಂದು ನಾವು ಹೇಳುತ್ತೇವೆ. ಹವಾಯಿಯ ಗಾದೆಯೊಂದರ ಪ್ರಕಾರ ಕೆಲಸದಲ್ಲೇ ಅರಿವಿದೆ, ಅಂದರೆ ಕೈ ಕೆಸರಾದರೆ ತಿಳಿಯಾಗುವುದು ತಲೆ.

ಹೆಏಇಯಾದಲ್ಲಿ ಇದೆಲ್ಲ ಕಣ್ಣಿಗೆ ಕಾಣುತ್ತದೆ. ಮೇಲೆ ಕಾಕೊಒ ಓಯ್ವಿ ಎಂಬ ಸಂಸ್ಥೆ ಸುಮಾರು 400 ಎಕರೆಯಲ್ಲಿ ಹುಲ್ಲು ಕಿತ್ತು ಕೆಸುವಿನ ಗದ್ದೆ ಎಬ್ಬಿಸುತ್ತಿದೆ. ಕೆಳಗೆ ಪೈಪೈ ಓ ಹೆಏಇಯಾ ಎಂಬ ಸಂಸ್ಥೆ 2001ರಿಂದ ಮೀನುಕೊಳವನ್ನು ನೋಡಿಕೊಳ್ಳುತ್ತಿದೆ. 1965ರ ಪ್ರವಾಹದಲ್ಲಿ ಕೊಳದ ಗೋಡೆ ಒಡೆದಿತ್ತು. ಆ ಒಡಕು ಪೂರ್ತಿ ಮುಚ್ಚಿದ್ದು 2015ರ ಡಿಸೆಂಬರ್‌ನಲ್ಲಿ, ಸಾವಿರಕ್ಕೂ ಹೆಚ್ಚು ಜನ ಸಾಲಾಗಿ ನಿಂತು ಕಲ್ಲುಗಳನ್ನು ಕೈಯಿಂದ ಕೈಗೆ ದಾಟಿಸಿದಾಗ. 2017ರಲ್ಲಿ ಈ ಗದ್ದೆ, ಕೊಳ, ಹವಳದ ದಂಡೆ ಎಲ್ಲ ಸೇರಿ 1,385 ಎಕರೆ ರಾಷ್ಟ್ರೀಯ ಅಳಿವೆ ಸಂಶೋಧನಾ ಮೀಸಲು ಪ್ರದೇಶವಾಯಿತು. ಗದ್ದೆ ಹೂಳನ್ನು ತಡೆದರೆ ಕೊಲ್ಲಿಯ ಹವಳ ಉಸಿರಾಡುತ್ತದೆ, ಇದು ಸರಳ ಗಣಿತ. ಗದ್ದೆ ತೆರೆದ ಕಡೆ ಆಎಒ ಹಕ್ಕಿಯೂ ಮರಳಿದೆ.

ಒಪ್ಪಿಕೊಳ್ಳಬೇಕಾದ ತೊಡಕುಗಳು

ಎಲ್ಲ ಕಡೆ ಹೀಗೆ ಸಲೀಸಾಗಿಲ್ಲ. ಕೌಆಯಿ ದ್ವೀಪದ ಹನಲೆಯ್ ಕಣಿವೆಯಲ್ಲಿ 1972ರಲ್ಲಿ ಸ್ಥಾಪಿಸಿದ 917 ಎಕರೆಯ ವನ್ಯಜೀವಿಧಾಮವಿದೆ. ಅದರೊಳಗೇ ರೈತರು ಕೆಸು ಬೆಳೆಯುತ್ತಾರೆ, ಅವರ ಗದ್ದೆಯಲ್ಲೇ ಅಳಿವಿನಂಚಿನ ಹಕ್ಕಿಗಳು ಗೂಡು ಕಟ್ಟುತ್ತವೆ. ಹಕ್ಕಿಗೆ ಬೇಕಾದಾಗ ಗದ್ದೆ ಕಟಾವು ಮಾಡುವಂತಿಲ್ಲ. ಬೆಚ್ಚಗೆ ನಿಂತ ನೀರಿನಲ್ಲಿ ಬೊಟುಲಿಸಂ ವಿಷ ಹುಟ್ಟಿ ಹಕ್ಕಿಗಳು ಸಾಯುವ ಹಾವಳಿಯನ್ನೂ ಆ ಕಣಿವೆ ಕಂಡಿದೆ. ನೀರು ಹರಿಯುತ್ತಿರಬೇಕು ಎಂಬ ಹಳಬರ ಮಾತಿಗೆ ಇಲ್ಲಿ ಜೀವ ಸಾವಿನ ತೂಕ. ಮಕ್ಕಳಿಗೆ ಇಂಥ ಬಿಕ್ಕಟ್ಟುಗಳನ್ನು ಮುಚ್ಚಿಡದೆ ತೋರಿಸುವ ಕಾರ್ಯಕ್ರಮವೇ ಒಳ್ಳೆಯದು. ಸಂಸ್ಕೃತಿ ಇದ್ದಲ್ಲಿ ಎಲ್ಲವೂ ಸಾಮರಸ್ಯ ಎಂದು ಹೇಳಿ ಕಳಿಸಿದರೆ ಅದು ಮೋಸ.

ಇನ್ನೊಂದು ತೊಡಕು ಹಣದ್ದು. ಹವಾಯಿಯನ್ ಶಿಕ್ಷಣಕ್ಕೆ 1988ರ ಕೇಂದ್ರ ಕಾಯ್ದೆಯಡಿ ಅನುದಾನವಿದೆ, ಖಾಸಗಿ ದತ್ತಿಗಳೂ ಇವೆ. ಆದರೆ ಯುವಜನರ ಪರಿಸರ ಸೇವೆಗೆ ಹಣ ಕೊಡುತ್ತಿದ್ದ ಅಮೆರಿಕಾರ್ಪ್ಸ್ ಸಂಸ್ಥೆಯ ಅನುದಾನಗಳಿಗೆ 2025ರ ಏಪ್ರಿಲ್‌ನಲ್ಲಿ ದೇಶದಾದ್ಯಂತ ಕತ್ತರಿ ಬಿತ್ತು. ವರ್ಷ ವರ್ಷವೂ ಅರ್ಜಿ ಬರೆದು ಕಾಯುವ ಸಣ್ಣ ಸಂಸ್ಥೆಗಳಿಗೆ ಮುಂದಿನ ಬೇಸಿಗೆ ಯಾವಾಗಲೂ ಅನುಮಾನ.

ಎಲ್ಲಕ್ಕಿಂತ ನೋವಿನದು ಬೇರೊಂದು. 2020ರ ಜನಗಣತಿಯ ಪ್ರಕಾರ ಮೂಲನಿವಾಸಿ ಹವಾಯಿಯನ್ನರಲ್ಲಿ ಅರ್ಧಕ್ಕೂ ಹೆಚ್ಚು ಜನ ಈಗ ಹವಾಯಿಯ ಹೊರಗೆ, ಅಮೆರಿಕದ ಮುಖ್ಯ ಭೂಭಾಗದಲ್ಲಿ ಬದುಕುತ್ತಿದ್ದಾರೆ. ಮನೆ ಬಾಡಿಗೆ, ಜಮೀನಿನ ಬೆಲೆ ಅವರನ್ನು ಹೊರಗೆ ದೂಡಿದೆ. ಕವಾಯ್‌ನುಯಿಯ ಕೆಸರಿನಲ್ಲಿ ನಿಂತು ಈ ಕೆಸು ನಿನ್ನ ಅಣ್ಣ ಎಂದು ಕೇಳಿಸಿಕೊಂಡ ಹುಡುಗಿ, ದೊಡ್ಡವಳಾದಾಗ ಆ ನೆಲದ ಹತ್ತಿರ ಬಾಡಿಗೆ ಕಟ್ಟಿ ಉಳಿಯಬಲ್ಲಳೇ? ಈ ಪ್ರಶ್ನೆಗೆ ಯಾವ ಶಿಬಿರದ ಬಳಿಯೂ ಉತ್ತರವಿಲ್ಲ.

ಹಾಗಾದರೆ ಆರು ವಾರ ಹುಲ್ಲು ಕಿತ್ತು ಆಗುವುದೇನು? ಕಿತ್ತ ಹುಲ್ಲು ಎರಡು ಮಳೆಗೆ ಮತ್ತೆ ಬರುತ್ತದೆ. ಕಿತ್ತ ಕಳೆಯ ತೂಕ, ನೆಟ್ಟ ಗಿಡದ ಸಂಖ್ಯೆಯಿಂದ ಈ ಕೆಲಸವನ್ನು ಅಳೆಯಲಾಗದು. ಅಳೆಯಬೇಕಾದ್ದು ಹೊಳೆಗೆ ನೀರು ಬಂತೇ ಎಂಬುದನ್ನು. ವಾಯಾಹೋಲೆ ಕಾಲುವೆಯ ನೀರು ಕುಡಿಯುತ್ತಿದ್ದ ಕಬ್ಬಿನ ಕಂಪನಿ 1995ರಲ್ಲಿ ಬಾಗಿಲು ಹಾಕಿದಾಗ, ನೀರನ್ನು ಹೊಳೆಗೆ ಬಿಡಿ ಎಂದು ಕೇಳಿದವರು ಕೆಸುವಿನ ರೈತರು. 2000ದಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯ ನೀರು ಸಾರ್ವಜನಿಕರ ಸೊತ್ತು, ರಾಜ್ಯ ಅದರ ಟ್ರಸ್ಟಿ ಎಂದು ಎತ್ತಿಹಿಡಿಯಿತು. ಪೂರ್ವ ಮಾವಿಯ ರೈತರು 2001ರಲ್ಲಿ ಕೊಟ್ಟ ಅರ್ಜಿಗೆ ಜಲ ಆಯೋಗದ ತೀರ್ಪು ಬಂದದ್ದು 2018ರಲ್ಲಿ, ಹಲವು ಹೊಳೆಗಳಿಗೆ ಪೂರ್ತಿ ಹರಿವು ಮರಳಿಸುವ ಆದೇಶದೊಂದಿಗೆ. 2022ರಲ್ಲಿ 13 ಮಕ್ಕಳು ಹವಾಮಾನ ಬದಲಾವಣೆಯ ವಿಚಾರದಲ್ಲಿ ರಾಜ್ಯದ ಸಾರಿಗೆ ಇಲಾಖೆಯ ಮೇಲೆ ದಾವೆ ಹೂಡಿದರು. ಮೊದಲ ಅರ್ಜಿದಾರಳು ಕಾನೆಒಹೆಯ ಕೆಸು ಬೆಳೆಯುವ ಮನೆತನದ ಹುಡುಗಿ. 2024ರ ಜೂನ್‌ನಲ್ಲಿ ರಾಜ್ಯ ರಾಜಿಗೆ ಬಂದು, 2045ರೊಳಗೆ ಸಾರಿಗೆಯನ್ನು ಇಂಗಾಲಮುಕ್ತ ಮಾಡುವ ಹೊಣೆ ಒಪ್ಪಿಕೊಂಡಿತು.

‘ಕುಲೆಆನ’ ಎಂಬ ಅವರ ಪದಕ್ಕೆ ಹಕ್ಕು ಎಂದೂ ಅರ್ಥ, ಹೊಣೆ ಎಂದೂ ಅರ್ಥ. ಕನ್ನಡದಲ್ಲಿ ನಾವು ಎರಡು ಪದ ಹುಡುಕಬೇಕು. ಗದ್ದೆಯಲ್ಲಿ ನಿಂತವರಿಗೆ ಒಂದೇ ಸಾಕಾಗುತ್ತದೆ: ನೋಡಿಕೊಂಡವರಿಗೆ ಕೇಳುವ ಬಾಯಿ ಇದೆ.

ನೀರುಗದ್ದೆಯ ಕೆಸು ಬಲಿಯಲು ಒಂಬತ್ತರಿಂದ ಹದಿನೈದು ತಿಂಗಳು ಬೇಕು. ಬೇಸಿಗೆ ಶಿಬಿರ ಜುಲೈಗೆ ಮುಗಿಯುತ್ತದೆ. ಜೂನ್‌ನಲ್ಲಿ ಊರಿದ ತುಂಡು ಎರಡು ಎಲೆ ಬಿಡುವ ಹೊತ್ತಿಗೆ ಮಕ್ಕಳು ಮನೆಗೆ ಹೋಗಿರುತ್ತಾರೆ. ಅದನ್ನು ಕೀಳುವ ಹೊತ್ತು ಮುಂದಿನ ವರ್ಷದ ಬೇಸಿಗೆಗೆ ಬರುತ್ತದೆ. ಅದಕ್ಕೇ ಕೆಲವರು ಮತ್ತೆ ಬರುತ್ತಾರೆ. ಗದ್ದೆಯ ಅಂಚಿನಲ್ಲಿ ನಿಂತು ಒಲಿ ಹೇಳಿ, ಕೆಸರಿಗೆ ಇಳಿದು, ತಮ್ಮದೇ ಗಿಡದ ಬುಡಕ್ಕೆ ಎರಡೂ ಕೈ ಹಾಕಿ ಅಲುಗಿಸಿ ಎತ್ತುತ್ತಾರೆ. ಗೆಡ್ಡೆ ಬುಟ್ಟಿಗೆ ಹೋಗುತ್ತದೆ. ದಂಟಿರುವ ತಲೆಯನ್ನು ಕತ್ತರಿಸಿ, ಪಕ್ಕದಲ್ಲಿ ಮೊದಲ ಸಲ ಕೆಸರಿಗಿಳಿದು ತಡವರಿಸುತ್ತಿರುವ ಚಿಕ್ಕವನ ಕೈಗೆ ಕೊಡುತ್ತಾರೆ.